ಮುಖವೋ, ಕಾರ್ಡೋ? ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಿಮಗಿರುವ ಆಯ್ಕೆಗಳ ಹೋಲಿಕೆ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ದೇಶದೊಳಗೆ ಹಾರುವವರು ಟರ್ಮಿನಲ್ ಬಾಗಿಲಲ್ಲೇ ಒಂದು ತೀರ್ಮಾನ ಮಾಡಬೇಕಾಗುತ್ತದೆ. ಒಂದು ಸಾಲಿನಲ್ಲಿ ನಿಲ್ದಾಣದ ಭದ್ರತೆ ನೋಡಿಕೊಳ್ಳುವ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್, ಗುರುತಿನ ಚೀಟಿ, ಮುಖ ಮೂರನ್ನೂ ನೋಡಿ ಒಳಗೆ ಬಿಡುತ್ತಾರೆ. ಪಕ್ಕದಲ್ಲೇ ಡಿಜಿಯಾತ್ರೆ ಎಂಬ, ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆಯ ಗೇಟು. ಬಾರ್‌ಕೋಡ್ ಹಿಡಿದು ಕ್ಯಾಮೆರಾ ನೋಡಿದರೆ ಅದು ತಾನೇ ತೆರೆದುಕೊಳ್ಳುತ್ತದೆ. ಬರೀ ಸಮಯದ ಲೆಕ್ಕ ಹಾಕಿದರೆ ಎರಡನೆಯದೇ ಹೆಚ್ಚಿನ ದಿನ ಗೆಲ್ಲುತ್ತದೆ. ಆದರೆ ಇನ್ನೊಂದು ಲೆಕ್ಕವೂ ಇದೆ: ತಪಾಸಣೆ ಮುಗಿದು ನೀವು ವಿಮಾನ ಹತ್ತಿದ ಮೇಲೆ ನಿಮ್ಮದೇನು ಅಲ್ಲಿ ಉಳಿಯಿತು, ಯಾರ ಬಳಿ, ಎಷ್ಟು ಕಾಲ? ಈ ಬರಹದ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಜವಾನರ ಕಣ್ಣಿಗೆ ಬಿದ್ದದ್ದು ಹಿಂದಿನವರು ಮುಂದೆ ಬಂದ ಕೂಡಲೇ ಮರೆತುಹೋಗುತ್ತದೆ. ಯಂತ್ರಕ್ಕೆ ಕೊಟ್ಟದ್ದನ್ನು ಯಾರಾದರೂ ಅಳಿಸಬೇಕು.

ಶುರುವಿನಲ್ಲೇ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಿಲ್ದಾಣದಲ್ಲಿ ನಡೆಯುವುದು ಎರಡು ಬೇರೆ ಬೇರೆ ಕೆಲಸ. ನೀವು ಯಾರು ಎಂದು ನೋಡುವುದು ಒಂದು, ನಿಮ್ಮ ಬಳಿ ಏನಿದೆ ಎಂದು ನೋಡುವುದು ಇನ್ನೊಂದು. ಚಾಕು, ಸ್ಫೋಟಕ, ಪವರ್ ಬ್ಯಾಂಕ್ ಇವೆಲ್ಲ ಎರಡನೆಯ ಕೆಲಸಕ್ಕೆ ಸೇರಿದ್ದು. ಅದನ್ನು ಎಕ್ಸ್‌ರೇ ಯಂತ್ರ, ಲೋಹಶೋಧಕ ಚೌಕಟ್ಟು ಮತ್ತು ಕೈ ತಪಾಸಣೆ ಮಾಡುತ್ತವೆ. ಮುಖ ಗುರುತಿಸುವ ಗೇಟು ಮಾಡುವುದು ಮೊದಲನೆಯದನ್ನು ಮಾತ್ರ. ಹಾಗಾಗಿ ಡಿಜಿಯಾತ್ರೆ ಬೇಡವೆಂದು ಕಾರ್ಡ್ ತೋರಿಸಿ ಹೋದವರಿಂದ ಭದ್ರತೆ ಒಂದು ಕೂದಲಿನಷ್ಟೂ ಸಡಿಲವಾಗುವುದಿಲ್ಲ. ಅವರ ಚೀಲವೂ ಅದೇ ಎಕ್ಸ್‌ರೇ ಒಳಗಿನಿಂದಲೇ ಹೋಗುತ್ತದೆ. "ಭದ್ರತೆ ಬೇಕಾದರೆ ಮುಖ ಕೊಡಬೇಕಪ್ಪ" ಎನ್ನುವವರಿಗೆ ಇಷ್ಟು ಉತ್ತರ ಸಾಕು.

ಡಿಜಿಯಾತ್ರೆ: ಏನು ಹೋಗುತ್ತದೆ, ಎಲ್ಲಿಗೆ

ಇದರ ನೀತಿ ಹೊರಬಂದದ್ದು 2018ರಲ್ಲಿ. ಬಳಕೆ ಶುರುವಾದದ್ದು 2022ರ ಡಿಸೆಂಬರ್ 1ರಂದು, ಬೆಂಗಳೂರು, ದೆಹಲಿ ಮತ್ತು ವಾರಾಣಸಿ ನಿಲ್ದಾಣಗಳಲ್ಲಿ. ನಡೆಸುವುದು ಡಿಜಿಯಾತ್ರಾ ಫೌಂಡೇಶನ್ ಎಂಬ ಲಾಭರಹಿತ ಕಂಪನಿ. ಅದರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು 26%. ಉಳಿದದ್ದು ಬೆಂಗಳೂರು, ದೆಹಲಿ, ಮುಂಬೈ, ಹೈದರಾಬಾದ್, ಕೊಚ್ಚಿ ನಿಲ್ದಾಣಗಳನ್ನು ನಡೆಸುವ ಕಂಪನಿಗಳದು. ಅಂದರೆ ಆಪ್ ಸರ್ಕಾರದ್ದೆಂದು ಕಂಡರೂ ಸಂಸ್ಥೆ ಸರ್ಕಾರದ್ದಲ್ಲ. ಅದರ ಒಳಗಿನ ವ್ಯವಹಾರವನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತೆಗೆಸಲು ಹೊರಟವರಿಗೆ ಇದೇ ಕಾರಣಕ್ಕೆ ಬಾಗಿಲು ಮುಚ್ಚಿದೆ.

ನೋಂದಣಿ ಹೀಗೆ. ಆಪ್ ಹಾಕಿಕೊಂಡು ಮೊಬೈಲ್ ನಂಬರಿಗೆ ಬರುವ ಒಟಿಪಿ ಕೊಡಬೇಕು. ಡಿಜಿಲಾಕರ್ ಮೂಲಕ ಆಧಾರ್ ವಿವರ ತರಿಸಬೇಕು. ಆಧಾರ್‌ಗೆ ಜೋಡಿಸಿದ ನಂಬರು ಚಾಲ್ತಿಯಲ್ಲಿ ಇಲ್ಲದಿದ್ದರೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಮುಂದೆ ಒಂದು ಸೆಲ್ಫಿ. ಅದನ್ನು ಆಧಾರ್‌ನ ಫೋಟೋ ಜೊತೆ ತಾಳೆ ನೋಡಿ ಫೋನಿನೊಳಗೇ ಒಂದು ಗುರುತು ತಯಾರಾಗಿ ಕೂರುತ್ತದೆ. ಪ್ರಯಾಣಕ್ಕೆ ಮುಂಚೆ ವೆಬ್ ಚೆಕ್-ಇನ್ ಮಾಡಿ, ಬೋರ್ಡಿಂಗ್ ಪಾಸನ್ನು ಆಪ್‌ಗೆ ಸೇರಿಸಿ, ಹೊರಡುವ ನಿಲ್ದಾಣಕ್ಕೆ "ಶೇರ್" ಮಾಡಬೇಕು. ಈ ಕೊನೆಯ ಹೆಜ್ಜೆ ಮರೆತವರೇ ಗೇಟಿನ ಮುಂದೆ ನಿಂತು ಫೋನ್ ತಿಕ್ಕುತ್ತಿರುತ್ತಾರೆ.

ಉಳಿಕೆಯ ಲೆಕ್ಕಕ್ಕೆ ಬಂದರೆ, ಒಂದು ಕೇಂದ್ರ ಗೋದಾಮಿನಲ್ಲಿ ಎಲ್ಲರ ಮುಖಗಳನ್ನು ಪೇರಿಸಿಡುವ ವಿನ್ಯಾಸ ಇದಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು, ಏಕೆಂದರೆ ಪರದೇಶದ ಎಷ್ಟೋ ವ್ಯವಸ್ಥೆಗಳಿಗಿಂತ ಕಾಗದದ ಮೇಲೆ ಇದು ಮೇಲು. ವಿವರ ನಿಮ್ಮ ಫೋನಿನಲ್ಲಿರುತ್ತದೆ, ಹೊರಡುವ ನಿಲ್ದಾಣಕ್ಕೆ ಹೋಗುವ ಪ್ರತಿಯನ್ನು ವಿಮಾನ ಹೊರಟು 24 ಗಂಟೆಯೊಳಗೆ ಅಳಿಸಬೇಕು. ತೊಡಕಿರುವುದು ಅದೇ 2018ರ ನೀತಿಯ ಇನ್ನೆರಡು ಸಾಲುಗಳಲ್ಲಿ. ಭದ್ರತೆಯ ಅಗತ್ಯ ಬಿದ್ದಾಗ ಅಳಿಸುವ ಅವಧಿಯನ್ನು ಬದಲಿಸುವ ಸೌಲಭ್ಯ ವ್ಯವಸ್ಥೆಯಲ್ಲಿ ಇರತಕ್ಕದ್ದು ಎನ್ನುತ್ತದೆ ಒಂದು. ಭದ್ರತಾ ಸಂಸ್ಥೆ, ಇಮಿಗ್ರೇಷನ್ ಬ್ಯೂರೋ ಅಥವಾ ಬೇರೆ ಸರ್ಕಾರಿ ಸಂಸ್ಥೆಗೆ ಚಾಲ್ತಿಯಲ್ಲಿರುವ ಕ್ರಮದ ಪ್ರಕಾರ ಪ್ರಯಾಣಿಕರ ಮಾಹಿತಿ ಕೊಡಬಹುದು ಎನ್ನುತ್ತದೆ ಇನ್ನೊಂದು. 24 ಗಂಟೆ ಎನ್ನುವುದು ರೂಢಿ. ಬಾಗಿಲಿಗೆ ಬೀಗ ಇದೆ, ಕೀಲಿ ನಿಮ್ಮ ಕೈಯಲ್ಲಿಲ್ಲ.

ಗೇಟು ತೆರೆಯದಿರಲು ಸಾಮಾನ್ಯ ಕಾರಣಗಳು ಮೂರು. ಹತ್ತು ಹನ್ನೆರಡು ವರ್ಷದ ಹಿಂದಿನ ಆಧಾರ್ ಫೋಟೋಗೂ ಈಗಿನ ಮುಖಕ್ಕೂ ತಾಳೆಯಾಗದಿರುವುದು ಮೊದಲನೆಯದು. ಆಧಾರ್ ಕೇಂದ್ರಕ್ಕೆ ಹೋಗಿ ಫೋಟೋ ಹೊಸದು ಮಾಡಿಸದೆ ಇದಕ್ಕೆ ಬೇರೆ ದಾರಿಯಿಲ್ಲ. ಹಿಂದಿನಿಂದ ಬೆಳಕು ಹೊಡೆಯುವುದು, ಟೋಪಿ, ಮಾಸ್ಕು ಎರಡನೆಯದು. ಮೂರನೆಯದು ನಮ್ಮ ಕಡೆಯವರನ್ನೇ ಹೆಚ್ಚು ಕಾಡುತ್ತದೆ: ಇನಿಷಿಯಲ್. ಆಧಾರ್‌ನಲ್ಲಿ "ಮಂಜುನಾಥ ಎಚ್ ಎನ್", ಟಿಕೆಟ್ಟಿನಲ್ಲಿ "ಹೊಳೆನರಸೀಪುರ ನಾರಾಯಣ ಮಂಜುನಾಥ" ಎಂದಿದ್ದರೆ ಮನುಷ್ಯರಿಗೆ ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಡಿಜಿಯಾತ್ರೆ ಬಳಸುವುದಾದರೆ ಟಿಕೆಟ್ ತೆಗೆಯುವಾಗಲೇ ಆಧಾರ್‌ನಲ್ಲಿದ್ದಂತೆ, ಅದೇ ಕ್ರಮದಲ್ಲಿ, ಚುಕ್ಕೆ ಬಿಟ್ಟು ಹೆಸರು ತುಂಬಿ. ಮೂರರಲ್ಲಿ ಯಾವುದೇ ಆದರೂ ಕೊನೆಗೆ ನಿಲ್ಲಬೇಕಾದದ್ದು ಜವಾನರ ಮುಂದೆಯೇ. ಆದ್ದರಿಂದ ಆಪ್ ಇದೆಯೆಂದು ಅಸಲು ಗುರುತಿನ ಚೀಟಿಯನ್ನು ಮನೆಯಲ್ಲಿ ಬಿಟ್ಟು ಬರಬೇಡಿ.

ಒಪ್ಪಿಗೆಯ ವಿಷಯವನ್ನೂ ಹೇಳಬೇಕು. ಡಿಜಿಯಾತ್ರೆ ಕಡ್ಡಾಯವಲ್ಲ. ಆದರೂ ಬಾಗಿಲಲ್ಲಿ ನಿಂತ ಸಿಬ್ಬಂದಿ ಬೋರ್ಡಿಂಗ್ ಪಾಸ್ ಕೇಳಿ ಸ್ಕ್ಯಾನ್ ಮಾಡಿ, ಏನು ಏಕೆ ಎಂದು ಹೇಳದೆ ಕ್ಯಾಮೆರಾ ತೋರಿಸಿ ನೋಂದಾಯಿಸಿಬಿಡುತ್ತಾರೆ ಎಂಬ ದೂರು 2024ರ ಆರಂಭದಲ್ಲಿ ಹಲವು ನಿಲ್ದಾಣಗಳಿಂದ ಕೇಳಿಬಂತು. ನಿಮ್ಮ ಕಡೆ ಯಾರಾದರೂ ಟ್ಯಾಬ್ ಅಥವಾ ಕ್ಯಾಮೆರಾ ತಿರುಗಿಸಿದರೆ "ಇದು ಡಿಜಿಯಾತ್ರೆ ನೋಂದಣಿಯಾ?" ಎಂದು ಕೇಳಿ. ಹೌದೆಂದರೆ "ಬೇಡ, ಐಡಿ ತೋರಿಸಿ ಹೋಗ್ತೀನಿ" ಅನ್ನಿ. ಅದಕ್ಕಿಂತ ಹೆಚ್ಚು ವಾದ ಬೇಕಿಲ್ಲ. ಅದೇ ವರ್ಷ ತಂತ್ರಜ್ಞಾನ ಒದಗಿಸುತ್ತಿದ್ದ ಕಂಪನಿಯ ಜೊತೆಗಿನ ನಂಟು ಕಡಿದು, ಹಳೆಯ ಆಪ್ ತೆಗೆದು ಹೊಸದು ಹಾಕಿಕೊಳ್ಳಿ ಎಂದು ಬಳಕೆದಾರರಿಗೆ ತಿಳಿಸಲಾಯಿತು. ಹಳೆಯ ಆಪ್ ಇನ್ನೂ ಯಾವುದಾದರೂ ಫೋನಿನ ಮೂಲೆಯಲ್ಲಿ ಉಳಿದಿದ್ದರೆ ಈಗಲಾದರೂ ತೆಗೆಯಿರಿ. ಡಿಜಿಲಾಕರ್ ಒಳಗೆ ಹೋಗಿ ಯಾವ ಯಾವ ಆಪ್‌ಗೆ ಒಪ್ಪಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿಯನ್ನೂ ನೋಡಿ, ಬೇಡವಾದದ್ದನ್ನು ಹಿಂತೆಗೆದುಕೊಳ್ಳಿ.

ಕಾರ್ಡಿನ ಸಾಲು: ಯಾವ ಕಾರ್ಡು?

ಕಾರ್ಡ್ ತೋರಿಸುತ್ತೇನೆ ಎಂದವರಲ್ಲಿ ಹೆಚ್ಚಿನವರು ತೆಗೆಯುವುದು ಆಧಾರ್. ಅದೊಂದೇ ನಡೆಯುತ್ತದೆ ಎಂಬ ತಪ್ಪು ನಂಬಿಕೆ ಬೇರೂರಿಬಿಟ್ಟಿದೆ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರಲ್ಲಿ ದೇಶೀಯ ಪ್ರಯಾಣಕ್ಕೆ ಹತ್ತು ಬಗೆಯ ಫೋಟೋ ಗುರುತುಗಳನ್ನು ಪಟ್ಟಿ ಮಾಡಿತು: ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್ ಅಥವಾ ಎಂ-ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಸೇವಾ ಗುರುತಿನ ಚೀಟಿ, ವಿದ್ಯಾರ್ಥಿ ಚೀಟಿ, ದೃಢೀಕರಿಸಿದ ಫೋಟೋ ಇರುವ ರಾಷ್ಟ್ರೀಕೃತ ಬ್ಯಾಂಕಿನ ಪಾಸ್‌ಬುಕ್, ಪಿಂಚಣಿ ಕಾರ್ಡ್, ಅಂಗವಿಕಲರ ಚೀಟಿ. ಇವುಗಳಲ್ಲಿ ಒಂದಿದ್ದರೆ ಸಾಕು. ಗುರುತಿನ ಚೀಟಿ ಇರುವ ತಂದೆತಾಯಿಯ ಜೊತೆ ಹೋಗುವ ಮಕ್ಕಳಿಗೆ ಬೇರೆ ಗುರುತು ಬೇಕಿಲ್ಲ. ಮಡಿಲ ಮಗುವಿನ ವಯಸ್ಸಿಗೆ ಮಾತ್ರ ವಿಮಾನ ಕಂಪನಿ ಪುರಾವೆ ಕೇಳುತ್ತದೆ. ಹತ್ತರಲ್ಲಿ ಒಂದೂ ಇಲ್ಲದವರಿಗೆ ಗ್ರೂಪ್ ಎ ಗೆಜೆಟೆಡ್ ಅಧಿಕಾರಿ ಲೆಟರ್‌ಹೆಡ್‌ನಲ್ಲಿ ಫೋಟೋ ಸಹಿತ ಕೊಡುವ ಪತ್ರ ನಡೆಯುತ್ತದೆ.

ಬಾಗಿಲಲ್ಲಿ ನೋಡುವುದು ಮೂರೇ ವಿಷಯ: ಟಿಕೆಟ್ಟಿನ ಹೆಸರು ಚೀಟಿಯ ಹೆಸರಿಗೆ ಹೊಂದುತ್ತದೆಯೇ, ಫೋಟೋ ಮುಖಕ್ಕೆ ಹೊಂದುತ್ತದೆಯೇ, ವಿಮಾನ ಇವತ್ತಿನದೇ ಎಂದು. ಅಷ್ಟಕ್ಕೆ ಅಗತ್ಯವಿಲ್ಲದ ಯಾವ ವಿವರ ಕಾರ್ಡಿನ ಮೇಲಿದೆಯೋ ಅದೆಲ್ಲ ಸುಮ್ಮನೆ ಬಯಲಾಗುವಂಥದ್ದು. ಈ ಕಣ್ಣಿನಿಂದ ನೋಡಿದರೆ ಪಟ್ಟಿಯ ಕ್ರಮವೇ ಬದಲಾಗುತ್ತದೆ.

ನಮ್ಮ ಮೊದಲ ಆಯ್ಕೆ ಮತದಾರರ ಚೀಟಿ. ಅದರಲ್ಲಿ ತಂದೆಯ ಅಥವಾ ಗಂಡನ ಹೆಸರಿದೆ, ಹಿಂದೆ ವಿಳಾಸವಿದೆ, ನಿಜ. ಆದರೆ ಹೆಸರು, ಸಂಬಂಧಿಕರ ಹೆಸರು, ವಯಸ್ಸು, ಮನೆ ನಂಬರು, ಚೀಟಿಯ ಸಂಖ್ಯೆ ಇವೆಲ್ಲ ಮತದಾರರ ಪಟ್ಟಿಯಲ್ಲಿ ಈಗಾಗಲೇ ಪ್ರಕಟವಾಗಿರುವಂಥವು. ಹೊಸದಾಗಿ ಬಿಟ್ಟುಕೊಡುವುದು ಬಹಳ ಕಡಿಮೆ, ಮತ್ತು ಆ ಸಂಖ್ಯೆ ಇಟ್ಟುಕೊಂಡು ನಿಮ್ಮ ಬ್ಯಾಂಕಿನ ಬಾಗಿಲು ತಟ್ಟುವುದು ಸುಲಭವಲ್ಲ. ಹಳೆಯ ಚೀಟಿಯ ಕಪ್ಪು ಬಿಳುಪು ಫೋಟೋ ಗುರುತು ಸಿಗದಷ್ಟು ಮಸುಕಾಗಿದ್ದರೆ ಮಾತ್ರ ಇದನ್ನು ಬಿಡಿ. ಎರಡನೆಯದು ಚಾಲನಾ ಪರವಾನಗಿ. ಸರ್ಕಾರಿ ಅಥವಾ ಸಾರ್ವಜನಿಕ ಉದ್ದಿಮೆಯ ನೌಕರರಿಗೆ ಸೇವಾ ಚೀಟಿ ಇನ್ನೂ ಒಳ್ಳೆಯದು, ಅದರಲ್ಲಿ ಮನೆಯ ಸುಳಿವು ಕಡಿಮೆ.

ಪ್ಯಾನ್ ಕಾರ್ಡಿನದು ವಿಚಿತ್ರ ಸ್ಥಿತಿ. ಅದರಲ್ಲಿ ವಿಳಾಸವೇ ಇಲ್ಲ, ಹಾಗಾಗಿ ತೋರಿಸಿ ಕಿಸೆಗೆ ಹಾಕಿಕೊಳ್ಳಲು ಒಳ್ಳೆಯದು. ಆದರೆ ಅದರ ಹತ್ತು ಅಕ್ಷರದ ಸಂಖ್ಯೆಯಿಂದ ನಿಮ್ಮ ಹೆಸರಿನಲ್ಲಿ ಸಾಲದ ಅರ್ಜಿ ಹಾಕುವ ವಂಚನೆ ನಡೆಯುತ್ತದೆ. ಆದ್ದರಿಂದ ಜೆರಾಕ್ಸ್ ಕೇಳುವ ಕಡೆ ಇದು ಅತಿ ಕೆಟ್ಟದ್ದು. ನಿಲ್ದಾಣದ ಬಾಗಿಲಲ್ಲಿ ಜೆರಾಕ್ಸ್ ಕೇಳುವುದಿಲ್ಲ, ಅಲ್ಲಿ ಸರಿ. ಅಲ್ಲಿಂದ ಇಳಿದು ಹೋಗುವ ಹೋಟೆಲ್ಲಿನ ರಿಸೆಪ್ಷನ್ನಿನಲ್ಲಿ ಬೇಡ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆತಾಯಿಯ ಹೆಸರು, ಸಂಗಾತಿಯ ಹೆಸರು, ವಿಳಾಸ ಎಲ್ಲ ಮುದ್ರಿಸಿರುವುದು ಸಾಮಾನ್ಯ. ಜೊತೆಗೆ ಕಳೆದುಹೋದರೆ ಆಗುವ ತಾಪತ್ರಯ ಬೇರೆ. ದೇಶದೊಳಗಿನ ಪ್ರಯಾಣಕ್ಕೆ ಅದನ್ನು ಹೊತ್ತು ತಿರುಗುವ ಕಾರಣವೇ ಇಲ್ಲ.

ಆಧಾರನ್ನೇ ತೋರಿಸುವುದಾದರೆ ಮಾಸ್ಕ್ ಮಾಡಿದ ಆಧಾರ್ ಇಳಿಸಿಕೊಳ್ಳಿ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ತಾಣದಲ್ಲಿ ಡೌನ್‌ಲೋಡ್ ಮಾಡುವಾಗ "ಮಾಸ್ಕ್ಡ್" ಎಂಬ ಚೌಕಕ್ಕೆ ಗುರುತು ಹಾಕಿದರೆ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುವ ಕಡತ ಬರುತ್ತದೆ. ಅದನ್ನು ತೆರೆಯುವ ಪಾಸ್‌ವರ್ಡ್ ಎಂದರೆ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡದರಲ್ಲಿ, ಜೊತೆಗೆ ಹುಟ್ಟಿದ ಇಸವಿ. ಗೊತ್ತಿರಬೇಕಾದ ಮಾತೊಂದಿದೆ: ಮಾಸ್ಕ್ ಮಾಡಿದ ಕಾಗದದಲ್ಲೂ ಕ್ಯೂಆರ್ ಕೋಡ್ ಇರುತ್ತದೆ, ಅದರೊಳಗೆ ಹೆಸರು, ಜನ್ಮದಿನ, ವಿಳಾಸ, ಫೋಟೋ ಎಲ್ಲ ಇವೆ. ನಂಬರು ಮರೆಯಾಯಿತೇ ಹೊರತು ಮನೆ ಮರೆಯಾಗಲಿಲ್ಲ. ಯಾರಾದರೂ ತಮ್ಮ ಸ್ವಂತ ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಲು ಬಂದರೆ ಕೊಡಬೇಡಿ. 2022ರ ಮೇ ತಿಂಗಳಲ್ಲಿ ಯುಐಡಿಎಐನ ಬೆಂಗಳೂರು ಕಚೇರಿಯೇ ಆಧಾರ್ ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಮಾಸ್ಕ್ ಮಾಡಿದ್ದನ್ನು ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥ ಬರುತ್ತದೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹೋದರೂ ಬುದ್ಧಿಮಾತು ಸರಿಯಾದದ್ದೇ. ಫೋನಿನಲ್ಲಿ ತೋರಿಸುವವರು ಎಂ-ಆಧಾರ್ ಅಥವಾ ಡಿಜಿಲಾಕರ್ ಆಪ್ ತೆರೆದೇ ತೋರಿಸಿ. ಗ್ಯಾಲರಿಯಲ್ಲಿರುವ ಫೋಟೋ ಅಥವಾ ಸ್ಕ್ರೀನ್‌ಶಾಟನ್ನು ವಾಪಸ್ ಮಾಡುತ್ತಾರೆ, ಮತ್ತು ಅದು ಸರಿಯೇ.

ಹಾಗಾದರೆ ಯಾರಿಗೆ ಯಾವುದು

ವರ್ಷಕ್ಕೆ ನಾಲ್ಕಾರು ಸಲ ಹಾರುವವರಿಗೆ ಕಾರ್ಡಿನ ಸಾಲು ಸಾಕು. ಉಳಿಯುವ ಹತ್ತು ನಿಮಿಷಕ್ಕೆ ಮುಖದ ಅಚ್ಚು, ಆಧಾರ್, ಪ್ರಯಾಣದ ವಿವರ ಮೂರನ್ನೂ ಒಂದೇ ಎಳೆಯಲ್ಲಿ ಕಟ್ಟಿಕೊಡುವುದು ಲಾಭದ ವ್ಯಾಪಾರವಲ್ಲ. ಸೋಮವಾರ ಬೆಳಿಗ್ಗೆ ಹೋಗಿ ಶುಕ್ರವಾರ ಬರುವ ಕೆಲಸದವರಿಗೆ ಲೆಕ್ಕ ಬೇರೆ. ಅವರ ಪ್ರಯಾಣದ ಜಾಡು ವಿಮಾನ ಕಂಪನಿ, ಕ್ಯಾಬ್, ಕ್ರೆಡಿಟ್ ಕಾರ್ಡ್ ಎಲ್ಲರ ಬಳಿ ಈಗಾಗಲೇ ದಟ್ಟವಾಗಿ ಇರುವುದರಿಂದ ಡಿಜಿಯಾತ್ರೆ ಸೇರಿಸುವುದು ಮುಖದ ಎಳೆಯೊಂದನ್ನೇ. ಅಂಥವರು ಬಳಸಲಿ, ಆದರೆ ಪ್ರತಿ ಸಲವೂ ತಾವೇ ಶೇರ್ ಮಾಡಲಿ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಈ ಚರ್ಚೆಯೇ ಬೇಡ. ಒಬ್ಬರ ಆಧಾರ್‌ಗೆ ಮೊಬೈಲ್ ಜೋಡಣೆಯಿಲ್ಲದಿದ್ದರೂ ಮನೆಮಂದಿ ಎರಡು ಸಾಲಿಗೆ ಹಂಚಿಹೋಗುತ್ತಾರೆ. ಎಲ್ಲರೂ ಒಟ್ಟಿಗೆ ಕಾರ್ಡಿನ ಸಾಲಿಗೆ ನಿಲ್ಲುವುದೇ ವಾಸಿ. ಎದುರಾಳಿಗಳಿರುವ ವೃತ್ತಿಯವರು, ಅಂದರೆ ಪತ್ರಕರ್ತರು, ವಕೀಲರು, ಮಾಹಿತಿ ಹಕ್ಕಿನ ಕೆಲಸ ಮಾಡುವವರು, ಕಾರ್ಡನ್ನೇ ಹಿಡಿಯುವುದು ಒಳ್ಳೆಯದು.

ಕಸದ ಬುಟ್ಟಿಗೆ ಹೋಗುವ ಬೋರ್ಡಿಂಗ್ ಪಾಸ್

ಮುಖದ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರೇ ಬೋರ್ಡಿಂಗ್ ಪಾಸಿನ ಫೋಟೋ ಸ್ಟೇಟಸ್‌ಗೆ ಹಾಕುತ್ತಾರೆ. ಆ ಬಾರ್‌ಕೋಡ್ ಗುಟ್ಟಿನ ಲಿಪಿಯಲ್ಲ. ಪ್ರಪಂಚದ ಬಹುತೇಕ ಎಲ್ಲ ವಿಮಾನ ಕಂಪನಿಗಳೂ ಒಂದೇ ಮಾದರಿ ಬಳಸುತ್ತವೆ, ಯಾವ ಉಚಿತ ಸ್ಕ್ಯಾನರ್ ಆಪ್ ಕೂಡ ಓದುತ್ತದೆ. ಅದರಲ್ಲಿ ಹೆಸರು, ಆರಕ್ಷರದ ಪಿಎನ್‌ಆರ್, ಎಲ್ಲಿಂದ ಎಲ್ಲಿಗೆ, ವಿಮಾನದ ಸಂಖ್ಯೆ, ವರ್ಷದ ಎಷ್ಟನೇ ದಿನ, ಸೀಟು, ಕೆಲವೊಮ್ಮೆ ಸದಸ್ಯತ್ವದ ಸಂಖ್ಯೆ ಇರುತ್ತವೆ. ಪಿಎನ್‌ಆರ್ ಮತ್ತು ಕೊನೆಯ ಹೆಸರು ಗೊತ್ತಿದ್ದರೆ ಹಲವು ಕಂಪನಿಗಳ ತಾಣದಲ್ಲಿ ನಿಮ್ಮ ಬುಕಿಂಗ್ ತೆರೆಯುತ್ತದೆ, ಅಲ್ಲಿ ಫೋನ್, ಇಮೇಲ್, ವಾಪಸ್ ಬರುವ ದಿನ ಕಾಣುತ್ತವೆ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ಇನ್‌ಸ್ಟಾಗ್ರಾಂಗೆ ಹಾಕಿದ ಬೋರ್ಡಿಂಗ್ ಪಾಸಿನ ಚಿತ್ರದಿಂದಲೇ ಒಬ್ಬರು ಅವರ ಪಾಸ್‌ಪೋರ್ಟ್ ಸಂಖ್ಯೆ ಮತ್ತು ಫೋನ್ ನಂಬರ್ ತನಕ ತಲುಪಿದ್ದರು. ಸೀಟು, ಹೆಸರು ಮುಚ್ಚಿ ಬಾರ್‌ಕೋಡ್ ಬಿಟ್ಟರೆ ಮುಚ್ಚಿದಂತಾಗುವುದಿಲ್ಲ.

ಪ್ರಯಾಣ ಮುಗಿದ ಮೇಲೆ ಪಾಸನ್ನೂ ಸೂಟ್‌ಕೇಸಿಗೆ ಅಂಟಿಸಿದ ಟ್ಯಾಗನ್ನೂ ಬಾರ್‌ಕೋಡ್ ಅಡ್ಡಕ್ಕೆ ಹರಿದು ಬಿಸಾಡಿ. ಟ್ಯಾಗಿನ ಮೇಲೂ ಹೆಸರಿರುತ್ತದೆ. ಅಂಗಡಿಯಲ್ಲಿ ಬೋರ್ಡಿಂಗ್ ಪಾಸ್ ಕೇಳಿದರೆ ಏಕೆಂದು ಕೇಳಿ. ತೆರಿಗೆಯಿಲ್ಲದ ಮದ್ಯ, ಸುಗಂಧ ಕೊಳ್ಳುವಾಗ ಕಾರಣವಿದೆ, ನೀರಿನ ಬಾಟಲಿಗೆ ಇಲ್ಲ. ಬ್ರಿಟನ್ನಿನಲ್ಲಿ 2015ರಲ್ಲಿ ಇದೇ ದೊಡ್ಡ ಗಲಾಟೆಯಾಯಿತು: ಅಂಗಡಿಗಳು ಪಾಸ್ ಸ್ಕ್ಯಾನ್ ಮಾಡುತ್ತಿದ್ದದ್ದು ಭದ್ರತೆಗಲ್ಲ, ತಮ್ಮ ತೆರಿಗೆ ಉಳಿತಾಯಕ್ಕೆ. ನಿಲ್ದಾಣದ ಉಚಿತ ವೈಫೈ ಕೂಡ ಹಾಗೆಯೇ, ಫೋನ್ ನಂಬರಿನ ಒಟಿಪಿ ಪಡೆದೇ ಒಳಗೆ ಬಿಡುತ್ತದೆ. ನಿಮ್ಮ ಡೇಟಾ ಇದ್ದರೆ ಅದನ್ನೇ ಬಳಸಿ.

ಮೈ ತಪಾಸಣೆ: ಕೈಯೋ, ಯಂತ್ರವೋ

ನಮ್ಮಲ್ಲಿ ಇನ್ನೂ ಹೆಚ್ಚಾಗಿ ನಡೆಯುವುದು ಲೋಹಶೋಧಕ ಚೌಕಟ್ಟು ದಾಟಿದ ಮೇಲೆ ಕೈಯಂತ್ರ ಮತ್ತು ಕೈ ತಪಾಸಣೆ. ಹೆಂಗಸರಿಗೆ ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿ. ಇದರಲ್ಲಿ ಯಾವ ದಾಖಲೆಯೂ ಉಳಿಯುವುದಿಲ್ಲ, ಮುಜುಗರ ಮಾತ್ರ ಉಳಿಯುತ್ತದೆ. ಪೂರ್ಣದೇಹದ ಸ್ಕ್ಯಾನರ್‌ನದು ತಿರುವುಮುರುವು: ಮೈ ಮುಟ್ಟುವುದು ಕಡಿಮೆ, ಆದರೆ ಯಂತ್ರ ಏನು ನೋಡುತ್ತದೆ ಎಂಬ ಅಳುಕು. ಈ ಅಳುಕಿಗೆ ಒಂದು ಕಾಲದಲ್ಲಿ ಆಧಾರವಿತ್ತು. ಅಮೆರಿಕದಲ್ಲಿ ಮೊದಲು ಬಂದ ಎಕ್ಸ್‌ರೇ ಬಗೆಯ ಯಂತ್ರಗಳು ಮೈಯ ಆಕಾರವನ್ನು ಬಟ್ಟೆಯಿಲ್ಲದಂತೆ ತೋರಿಸುತ್ತಿದ್ದವು. 2013ರಲ್ಲಿ ಅವನ್ನು ತೆಗೆದುಹಾಕಿದರು. ಯುರೋಪಿಯನ್ ಒಕ್ಕೂಟ ಎಕ್ಸ್‌ರೇ ಬಗೆಯದಕ್ಕೆ 2011ರಲ್ಲೇ ಬಾಗಿಲು ಹಾಕಿತು. ಈಗಿನವು ಮಿಲಿಮೀಟರ್ ತರಂಗದವು. ಪರದೆಯ ಮೇಲೆ ಎಲ್ಲರಿಗೂ ಒಂದೇ ಗೊಂಬೆಯ ಆಕೃತಿ ಬರುತ್ತದೆ, ಅನುಮಾನದ ಜಾಗಕ್ಕೆ ಚೌಕ ಹಾಕುತ್ತದೆ. ಭಾರತದ ಭದ್ರತಾ ಬ್ಯೂರೋ 2019ರಲ್ಲಿ ಸ್ಕ್ಯಾನರ್ ಅಳವಡಿಸಲು ಸೂಚಿಸಿದ್ದೂ ಈ ಬಗೆಯದನ್ನೇ. ಚಿತ್ರ ಉಳಿಯದ, ಮೈ ಮುಟ್ಟದ ಈ ಯಂತ್ರ ಕೈ ತಪಾಸಣೆಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ದಪ್ಪ ಸೀರೆಯ ನೆರಿಗೆ, ಸೊಂಟದಲ್ಲಿ ಸಿಕ್ಕಿಸಿದ ಕರವಸ್ತ್ರ, ಬೆವರು ಇವಕ್ಕೆ ಮಾತ್ರ ಸುಳ್ಳು ಚೌಕ ಹಾಕುತ್ತದೆ, ಆಗ ಆ ಜಾಗವನ್ನಷ್ಟೇ ಕೈಯಿಂದ ನೋಡುತ್ತಾರೆ.

ಪೇಸ್‌ಮೇಕರ್ ಇರುವವರು ಚೌಕಟ್ಟಿನ ಹತ್ತಿರ ಹೋಗುವ ಮುಂಚೆಯೇ ಹೇಳಿ, ವೈದ್ಯರ ಚೀಟಿ ತೋರಿಸಿ ಕೈ ತಪಾಸಣೆ ಕೇಳಿ. ಕೃತಕ ಕಾಲಿರುವವರು ಎಲ್ಲರೆದುರು ತೆಗೆಯಬೇಕಿಲ್ಲ, ಬೇರೆ ಕೋಣೆ ಕೇಳಬಹುದು. ನರ್ತಕಿ ಸುಧಾ ಚಂದ್ರನ್ 2021ರ ಅಕ್ಟೋಬರ್‌ನಲ್ಲಿ ಪ್ರತಿಸಲ ಕೃತಕ ಕಾಲು ತೆಗೆಸುವ ನೋವನ್ನು ವಿಡಿಯೊದಲ್ಲಿ ಹೇಳಿಕೊಂಡಾಗ ಸಿಐಎಸ್‌ಎಫ್ ಕ್ಷಮೆ ಕೇಳಿತ್ತು. ಚೀಲ ತೆರೆಯಬೇಕೆಂದರೆ ನಿಮ್ಮ ಕಣ್ಣೆದುರೇ ತೆರೆಸಿ. ಒಳಗೆ ಖಾಸಗಿ ವಸ್ತು ಇದ್ದರೆ ಪಕ್ಕಕ್ಕೆ ಕರೆದೊಯ್ಯಲು ಮೆಲ್ಲಗೆ ಹೇಳಿ.

ಗಡಿ ದಾಟುವಾಗ ಆಯ್ಕೆ ಕಿರಿದಾಗುತ್ತದೆ

ಡಿಜಿಯಾತ್ರೆಯಂಥ ಬೇಕು ಬೇಡ ಎನ್ನುವ ಸ್ವಾತಂತ್ರ್ಯ ಇಮಿಗ್ರೇಷನ್ ಕೌಂಟರಿನಲ್ಲಿ ಬಹುಪಾಲು ಇಲ್ಲ. ಯುರೋಪಿನ ಷೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ನಾಲ್ಕು ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆಯುವ ವ್ಯವಸ್ಥೆಗೆ ಬದಲಾಗತೊಡಗಿವೆ. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ದಾಖಲೆ ಮೂರು ವರ್ಷ ಇರುತ್ತದೆ, ಹೊರಹೋದ ಗುರುತು ಸಿಗದಿದ್ದರೆ ಐದು.

ಅಮೆರಿಕದಲ್ಲಿ ಪೌರತ್ವವೇ ಖಾಸಗಿತನದ ಅಳತೆಗೋಲು. 2025ರ ಡಿಸೆಂಬರ್ 26ರಿಂದ ಪೌರರಲ್ಲದ ಎಲ್ಲರ ಚಿತ್ರವನ್ನು ಬರುವಾಗ ಮತ್ತು ಹೋಗುವಾಗ ತೆಗೆಯಬಹುದೆಂಬ ನಿಯಮ ಜಾರಿಯಲ್ಲಿದೆ. ಗ್ರೀನ್ ಕಾರ್ಡ್ ಇದ್ದರೂ ವಿನಾಯಿತಿ ಇಲ್ಲ. ಆ ಚಿತ್ರವನ್ನು 75 ವರ್ಷದವರೆಗೆ ಇಟ್ಟುಕೊಳ್ಳಬಹುದು. ಪೌರರ ಚಿತ್ರ 12 ಗಂಟೆಯೊಳಗೆ ಅಳಿಸುತ್ತದೆ, ಅವರು ಚಿತ್ರವೇ ಬೇಡ ಎನ್ನಬಹುದು ಕೂಡ. ಒಂದೇ ಮನೆಯ ಅಪ್ಪ ಎಚ್-1ಬಿ ಕೆಲಸದ ವೀಸಾದವರು, ಅಲ್ಲೇ ಹುಟ್ಟಿದ ಮಗಳು ಪೌರಳಾದರೆ ಇಬ್ಬರಿಗೂ ಒಂದೇ ಕೌಂಟರಿನಲ್ಲಿ ಎರಡು ನ್ಯಾಯ. ಆದರೆ ದೇಶದೊಳಗಿನ ವಿಮಾನಕ್ಕೆ ಹೋಗುವಾಗ ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಮೇಜಿನ ಕ್ಯಾಮೆರಾ ಬೇರೆ. ಅದನ್ನು ಯಾರು ಬೇಕಾದರೂ ನಿರಾಕರಿಸಿ ಬರೀ ಗುರುತಿನ ಚೀಟಿ ತೋರಿಸಬಹುದು. ಕಾರ್ಡ್ ಕೊಡುವ ಮುಂಚೆಯೇ ಹೇಳಬೇಕು, ಕ್ಯಾಮೆರಾ ಮುಂದೆ ನಿಂತ ಮೇಲೆ ಹೇಳಿ ಫಲವಿಲ್ಲ.

ಫೋನಿನ ಮಾತೂ ಬರಬೇಕು. ಅಮೆರಿಕದ ಗಡಿಯಲ್ಲಿ ಫೋನ್ ತೆರೆಯಲು ಒಪ್ಪದ ವೀಸಾದಾರರನ್ನು ವಾಪಸ್ ಕಳಿಸಬಹುದು. ಪೌರರನ್ನು ಕಳಿಸುವಂತಿಲ್ಲ, ಫೋನನ್ನು ಹಿಡಿದಿಟ್ಟುಕೊಳ್ಳಬಹುದು. ಇದಕ್ಕೆ ವಾದಕ್ಕಿಂತ ತಯಾರಿಯೇ ಮೇಲು: ಬೇಡದ್ದನ್ನು ಫೋನಿನಲ್ಲಿ ಒಯ್ಯದಿರುವುದು, ವಿಮಾನ ಇಳಿಯುವ ಮುಂಚೆ ಫೋನ್ ಪೂರ್ತಿ ಆಫ್ ಮಾಡುವುದು.

ಆಯ್ಕೆ ಇರುವುದು ತ್ವರಿತ ದಾರಿಗಳಲ್ಲಿ. ಗೃಹ ಸಚಿವಾಲಯದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯರು ಮತ್ತು ಒಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವವಿರುವ ಭಾರತ ಮೂಲದವರು) ಆನ್‌ಲೈನ್ ಅರ್ಜಿ ಹಾಕಿ, ನಿಲ್ದಾಣದಲ್ಲಿ ಅಥವಾ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಬೆರಳಚ್ಚು ಮತ್ತು ಮುಖ ಕೊಡಬೇಕು. ಅನುಮತಿ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ, ಯಾವುದು ಮೊದಲೋ ಅದು. ಇಲ್ಲಿ ಡಿಜಿಯಾತ್ರೆಗಿಂತ ನಮ್ಮ ಆಕ್ಷೇಪ ಕಡಿಮೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟಿದ್ದೀರಿ, ಗಡಿ ದಾಟಿದ ದಾಖಲೆ ಇಮಿಗ್ರೇಷನ್ನಿನಲ್ಲಿ ಹೇಗೂ ಉಳಿಯುತ್ತದೆ. ಹೊಸದಾಗಿ ಸೇರುವ ಮಾಹಿತಿ ಅಲ್ಪ, ಉಳಿತಾಯವಾಗುವ ಸಮಯ ಹೆಚ್ಚು. ಇಂಥದೇ ತ್ವರಿತ ದಾರಿಯಾದ ಅಮೆರಿಕದ ಗ್ಲೋಬಲ್ ಎಂಟ್ರಿಗೆ ಐದು ವರ್ಷಕ್ಕೆ 120 ಡಾಲರ್. ಭಾರತೀಯರು ಇಲ್ಲಿನ ಪೊಲೀಸ್ ಪರಿಶೀಲನೆಯನ್ನೂ ದಾಟಬೇಕು. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ದುಬಾರಿ, ಹಣದಲ್ಲೂ ಮಾಹಿತಿಯಲ್ಲೂ.

ಗಲ್ಫಿಗೆ ಹೋಗುವ ಕರಾವಳಿಯವರಿಗೆ ಹೆಸರಿನದೇ ಎಚ್ಚರಿಕೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಿದ್ದವರಿಗೆ ಯುಎಇ 2022ರ ನವೆಂಬರ್‌ನಲ್ಲಿ ಭೇಟಿ ವೀಸಾದ ಪ್ರವೇಶ ತಡೆದಿತ್ತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ಸಡಿಲಿಸಿತು. ಪಾಸ್‌ಪೋರ್ಟ್ ನವೀಕರಿಸುವಾಗ ಇನಿಷಿಯಲ್ ಬಿಡಿಸಿ ಎರಡೂ ಖಾನೆ ತುಂಬಿಸಿಕೊಳ್ಳಿ.

ಯಾವ ಸಾಲಿಗೆ ನಿಂತರೂ ಹೋಗುವ ಮಾಹಿತಿ

ವಿದೇಶ ಪ್ರಯಾಣದಲ್ಲಿ ನಿಮ್ಮ ಬುಕಿಂಗ್ ದಾಖಲೆ ನಿಮಗಿಂತ ಮುಂಚೆಯೇ ಹೊರಟಿರುತ್ತದೆ. 2022ರ ಆಗಸ್ಟ್‌ನಲ್ಲಿ ಬಂದ ನಿಯಮದ ಪ್ರಕಾರ ವಿಮಾನ ಕಂಪನಿಗಳು ಹೆಸರು, ಸಂಪರ್ಕ, ಪಾವತಿಯ ವಿವರ, ಪ್ರಯಾಣದ ಹಾದಿ, ಬ್ಯಾಗೇಜು, ಏಜೆಂಟರ ವಿವರ ಇತ್ಯಾದಿಯನ್ನು ವಿಮಾನ ಹೊರಡುವ 24 ಗಂಟೆ ಮುಂಚೆ ಕಸ್ಟಮ್ಸ್‌ಗೆ ಕಳಿಸಬೇಕು. ಅಲ್ಲಿ ಅದು ಐದು ವರ್ಷ ಇರುತ್ತದೆ. ಕೌಂಟರಿನಲ್ಲಿ ಮುಖ ಮುಚ್ಚಿಕೊಂಡು ಇದನ್ನು ತಪ್ಪಿಸಲಾಗದು. ಬುಕಿಂಗ್ ಮಾಡುವಾಗ ಐಚ್ಛಿಕ ಖಾನೆಗಳನ್ನು ಖಾಲಿ ಬಿಡುವುದು, ಪ್ರಯಾಣಕ್ಕೆಂದೇ ಬೇರೆ ಇಮೇಲ್ ಇಡುವುದು, ಇಷ್ಟು ನಿಮ್ಮ ಕೈಯಲ್ಲಿದೆ.

ತಪ್ಪಾದರೆ ಎಲ್ಲಿ ಕೇಳುವುದು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಅದರ ಬೆನ್ನಲ್ಲಿ ಬಂದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯಿದೆ 2023ರದ್ದು, ಅದರ ನಿಯಮಗಳು 2025ರ ನವೆಂಬರ್‌ನವು. ಮಾಹಿತಿ ಸಂಗ್ರಹಿಸುವವರ ಮುಖ್ಯ ಹೊಣೆಗಳು ಜಾರಿಗೆ ಬರಲು ನಿಯಮಗಳೇ 18 ತಿಂಗಳ ಗಡುವು ಇಟ್ಟಿವೆ. ಸರ್ಕಾರ ಅಧಿಸೂಚನೆ ಹೊರಡಿಸಿ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು ಎಂಬ ಕಿಂಡಿಯೂ ಕಾಯಿದೆಯಲ್ಲಿದೆ.

ಸದ್ಯಕ್ಕೆ ಮಾಡಬಹುದಾದದ್ದು: ಒಪ್ಪಿಗೆಯಿಲ್ಲದೆ ಮುಖ ದಾಖಲಾಗಿದೆ ಎನಿಸಿದರೆ ದಿನಾಂಕ, ಸಮಯ, ಗೇಟ್ ಸಂಖ್ಯೆ, ವಿಮಾನ ಸಂಖ್ಯೆ ಬರೆದಿಟ್ಟುಕೊಂಡು ಡಿಜಿಯಾತ್ರಾ ಫೌಂಡೇಶನ್‌ಗೂ ನಿಲ್ದಾಣದ ಕಂಪನಿಗೂ ಅದೇ ದಿನ ಇಮೇಲ್ ಕಳಿಸಿ, ಅಳಿಸಿದ ಬಗ್ಗೆ ಲಿಖಿತ ಖಾತ್ರಿ ಕೇಳಿ. ಸಚಿವಾಲಯದ ಏರ್‌ಸೇವಾ ತಾಣದಲ್ಲೂ ದೂರು ದಾಖಲಿಸಿ, ಅಲ್ಲಿ ಸಿಗುವ ಸಂಖ್ಯೆಯಿಂದ ಬೆನ್ನು ಹತ್ತಬಹುದು. ಸಿಐಎಸ್‌ಎಫ್ ನಡವಳಿಕೆಯ ದೂರಾದರೆ ಸ್ಥಳದಲ್ಲೇ ಶಿಫ್ಟ್ ಇನ್‌ಚಾರ್ಜ್ ಅವರನ್ನು ಕರೆಸಿ. ಮುಂದೆ ಮಾಹಿತಿ ರಕ್ಷಣಾ ಮಂಡಳಿಗೆ ಹೋಗಬೇಕಾಗಿ ಬಂದಾಗ ಮೊದಲು ಆಯಾ ಸಂಸ್ಥೆಯಲ್ಲೇ ಪರಿಹಾರ ಕೇಳಿದ್ದಿರಬೇಕೆಂದು ಕಾಯಿದೆ ಹೇಳುತ್ತದೆ, ಹಾಗಾಗಿ ಆ ಇಮೇಲುಗಳನ್ನು ಅಳಿಸಬೇಡಿ.